ಪ್ರಭಾರ ಸೋದರಮಾವನಾಗಿ ನಿಲ್ಲಲು ಅನುಮತಿ ಕೋರಿ

ಇಂದ,
ಯಶವಂತ ಕಲ್ಯಾಣಪ್ಪ,
ಆಪ್ತಸಮಾಲೋಚಕ (ತಾತ್ಕಾಲಿಕ), ಕುಟುಂಬ ಸಲಹಾ ಕೇಂದ್ರ,
ಜೇವರ್ಗಿ ಕಾಲೋನಿ, ಕಲಬುರಗಿ.

ಗೆ,
ಮಾನ್ಯ ಅಧ್ಯಕ್ಷರು,
ಸಮಾಜಕಾರ್ಯ ವೃತ್ತಿ ಮಂಡಳಿ
(ಕಾಯ್ದೆ ಬಂದು ಮಂಡಳಿ ರಚನೆಯಾದ ಕೂಡಲೇ ತಲುಪುವಂತೆ).

ವಿಷಯ: ಕಮಲಾಪುರದ ಮದುವೆಯೊಂದರಲ್ಲಿ ವಧುವಿನ ಸೋದರಮಾವನ ಸ್ಥಾನದಲ್ಲಿ ನಿಲ್ಲುವ ಬಗ್ಗೆ.

ಉಲ್ಲೇಖ: ಸಮಾಜಕಾರ್ಯ ವೃತ್ತಿಯ ಕರಡು ಮಸೂದೆಯಲ್ಲಿರುವ ನೀತಿಸಂಹಿತೆ. ನಮ್ಮ ಉಪನ್ಯಾಸಕರು ಹಂಚಿದ ಝೆರಾಕ್ಸ್ ಪ್ರತಿ. 'ವಿನಾಯಿತಿಗಳು' ಎಂಬ ಪುಟ ಪೂರ್ತಿ ಕಪ್ಪಾಗಿ ಬಂದಿದೆ. ಆದಕಾರಣ ವಿನಾಯಿತಿ ಇಲ್ಲವೆಂದೇ ತಿಳಿದು ನಡೆಯುತ್ತಿದ್ದೇನೆ.

ಮಾನ್ಯರೇ,

ಇನ್ನೂ ಇಲ್ಲದ ಕಚೇರಿಗೆ ಅರ್ಜಿ ಬರೆಯುವುದು ಸರಿಯೋ ತಪ್ಪೋ ತಿಳಿಯದು. ತಪ್ಪಿದ್ದಲ್ಲಿ ಕ್ಷಮೆ ಕೋರಿ ಮುಂದುವರಿಯುತ್ತೇನೆ.

೧. ನಾನು ಹಗಲು ಝೆರಾಕ್ಸ್ ಅಂಗಡಿಯಲ್ಲಿ ದುಡಿದು (ಮೇಲಿನ ಪ್ರತಿ ನಮ್ಮ ಅಂಗಡಿಯದಲ್ಲ) ಸಂಜೆ ತರಗತಿಯಲ್ಲಿ ಸಮಾಜಕಾರ್ಯ ಓದಿದವನು. ನನ್ನ ಉದ್ಯೋಗ ಕೇಳಿದವರಿಗೆ ಸಮಾಜಕಾರ್ಯ ಎಂದರೆ, "ಯಾವ ಪಾರ್ಟಿ ರೀ?" ಎನ್ನುತ್ತಾರೆ. ಆದ್ದರಿಂದ ಡಾಕ್ಟರಿಗೆ, ವಕೀಲರಿಗೆ ಇರುವಂತೆ ನಮಗೂ ಕಾಯ್ದೆ, ನೋಂದಣಿ ಬೇಕೆಂಬುದು ನನ್ನ ಬಹುದಿನದ ಆಸೆ. ನೋಂದಣಿಯ ದಿನ ಹಿಂದಿನ ನಡತೆ ನೋಡಿ ನನ್ನನ್ನು ಹೊರಗಿಡಬಾರದೆಂದು, ಕಾಯ್ದೆಯನ್ನು ಅದು ಬರುವ ಮೊದಲೇ ಪಾಲಿಸಲು ಆರಂಭಿಸಿದ್ದೇನೆ. ಜಿಲ್ಲೆಯಲ್ಲಿ ಬೇರೆ ಯಾರೂ ಪಾಲಿಸುತ್ತಿರುವುದು ಗಮನಕ್ಕೆ ಬಂದಿಲ್ಲ.

೨. ಕರಡಿನ ಪ್ರಕಾರ ನಾವು ಸೇವಾರ್ಥಿಯ ಜೊತೆ, ಅಂದರೆ ಸಲಹೆಗೆ ಬಂದವರ ಜೊತೆ, ಬಂಧುತ್ವ ಬೆಳೆಸಬಾರದು. ಅವರ ಗುಟ್ಟು ಹೊರಗೆ ಬಿಡಬಾರದು. (ಮಂಡಳಿ 'ಹೊರಗೆ' ಅಲ್ಲವೆಂದು ನಂಬಿದ್ದೇನೆ.) ಕಮಲಾಪುರದಲ್ಲಿ ಮೊದಲನೆಯದು ಕಷ್ಟ. ಅಲ್ಲಿ ಕುಡಿಯಲು ನೀರು ಕೊಡುವ ಮೊದಲೇ ನಾವು ಕಾಕಾನೋ ಮಾಮಾನೋ ತೀರ್ಮಾನವಾಗಿರುತ್ತದೆ.

೩. ನನ್ನ ಸೇವಾರ್ಥಿ ಕಮಲಾಪುರದ ಮುಕ್ತಾಬಾಯಿಯವರು. ಅವರ ಅಣ್ಣ ಬಂಡುರಾಯರು ಕಲಬುರಗಿಯ ಶಹಾಬಜಾರದವರು. ಹೋದ ವರ್ಷದ ನಾಗಪಂಚಮಿಗೆ ತಂಗಿಯನ್ನು ತವರಿಗೆ ಕರೆಯಲು ಅಣ್ಣ ತಾವು ಬರದೆ ಲಾಲ್ ಅಹ್ಮದ್ ಎಂಬವರ ಬಾಡಿಗೆ ಟಂಟಂ ಆಟೊ ಗಾಡಿ ಕಳಿಸಿದರು. ಗಾಡಿ ಖಾಲಿ ಮರಳಿತು. ಅಂದಿನಿಂದ ಮಾತು ಬಂದ್. ಬರುವ ಗುರುವಾರ ಮುಕ್ತಾಬಾಯಿಯವರ ಮಗಳು ಶುಭದಾಳ ಮದುವೆ. ಮಂಗಳಾಷ್ಟಕದ ಹೊತ್ತಿಗೆ ವಧುವಿನ ಬೆನ್ನಿಗೆ ಸೋದರಮಾವ ನಿಲ್ಲಬೇಕು. ರಾಜಿ ಮಾಡಿಸಿ ಅಣ್ಣನನ್ನು ಕರೆತರುವ ಹೊಣೆ ನನ್ನದಾಗಿತ್ತು. ನಾನು ಹೋದಾಗಲೆಲ್ಲ ಬಂಡುರಾಯರು ಚಹಾ ಕುಡಿಸಿ, ಒಪ್ಪದೆ ಕಳಿಸಿದರು.

೪. ನನ್ನ ವೈಫಲ್ಯವನ್ನು ಲಿಖಿತವಾಗಿ ಒಪ್ಪಿಸಿದೆ. ಮುಕ್ತಾಬಾಯಿ ಓದದೆ ಮಡಚಿಟ್ಟರು.

"ಅಣ್ಣಗ ಕರ್ಕೊಂಡು ಬರ್ಲಿಕ್ಕೆ ನಿಮ್ಮಿಂದ ಆಗ್ಲಿಲ್ಲ. ಹಂಗಾರ ಆ ಜಾಗಾದಾಗ ನೀವೇ ನಿಂದ್ರ್ರಿ. ತಹಶೀಲ್ದಾರ ರಜಾ ಹೋದ್ರ ಬ್ಯಾರೇದವರಿಗೆ ಚಾರ್ಜ್ ಕೊಡಂಗಿಲ್ಲೇನು?"

ಈ ವಾದಕ್ಕೆ ಕರಡಿನಲ್ಲಿ ಉತ್ತರ ಹುಡುಕಿದೆ. ಇಲ್ಲ. ಪುರೋಹಿತರಾದ ಧೀರೇಂದ್ರಾಚಾರ್ಯರು ನನ್ನ ಗೋತ್ರ ಕೇಳಿದರು. ಗಾಬರಿಯಲ್ಲಿ ನನ್ನ ಪದವಿ ಹೇಳಿ, ಎಂ.ಎಸ್.ಡಬ್ಲ್ಯೂ. ಎಂದೆ. "ನಡೀತದ ಬಿಡ್ರಿ," ಎಂದರು. ಮಾವನಿಗೆ ತೊಡಿಸುವ ಪೇಟಕ್ಕಾಗಿ ಮನೆಯವರು ನನ್ನ ತಲೆಯ ಅಳತೆ ತೆಗೆದುಕೊಂಡರು.

೫. ಸುದ್ದಿ ಮುಟ್ಟಿ ಬಂಡುರಾಯರು ನಮ್ಮ ಕೇಂದ್ರಕ್ಕೇ ಬಂದರು. "ನಮ್ಮ ಶುಭಿ ಬೆನ್ನಿಗೆ ನಿಂದ್ರಲಿಕ್ಕೆ ನೀವ್ಯಾರ್ರಿ?" ಎಂದರು. ತರಗತಿಯಲ್ಲಿ ಕಲಿತಂತೆ ಅವರ ಭಾವನೆಯನ್ನು ಅವರಿಗೇ ಮರಳಿ ಹೇಳಿದೆ: ತಮಗೆ ಸಿಟ್ಟು ಬಂದಂತೆ ಕಾಣುತ್ತದೆ.

"ಕಾಣೋದೇನದ, ಬಂದದ," ಎಂದು ಕುಳಿತರು. ಆಮೇಲೆ ದನಿ ತಗ್ಗಿಸಿ, "ನಮ್ಮ ತಂಗಿ ಮೊಣಕಾಲು ನೋವು ಹ್ಯಾಂಗದ ರೀ ಈಗ?" ಎಂದು ಕೇಳಿದರು.

ಸೇವಾರ್ಥಿಯ ಆರೋಗ್ಯ ಗುಟ್ಟಿನ ವಿಷಯವಾದ್ದರಿಂದ ನಾನು ಉತ್ತರಿಸದೆ ನೆಲ ನೋಡಿದೆ. ಅವರ ಮುಖ ಬಿಳಿಚಿತು. "ಅಷ್ಟು ಜಾಸ್ತಿ ಆಗ್ಯದೇನ್ರಿ?" ಎಂದರು. ನಿಯಮದಂತೆ ಅದಕ್ಕೂ ಉತ್ತರಿಸುವಂತಿರಲಿಲ್ಲ. ಅವರು ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿ, ಸಿಕ್ಕ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದರು.

೬. ಅಲ್ಲಿ ಮುಕ್ತಾಬಾಯಿ ಸ್ಟೂಲಿನ ಮೇಲೆ ನಿಂತು ತೋರಣ ಕಟ್ಟುತ್ತಿದ್ದರಂತೆ. ಬಾಗಿಲಲ್ಲಿ ಬರಿಗಾಲಿನ ಅಣ್ಣನನ್ನು ನೋಡಿ, "ಈ ಸಲ ಗಾಡಿ ಕಳಿಸ್ಲಿಲ್ಲ?" ಎಂದರಂತೆ. ಆಮೇಲೆ ಇಬ್ಬರೂ ಅತ್ತರೆಂದು ಶುಭದಾ ಫೋನಿನಲ್ಲಿ ತಿಳಿಸಿದಳು. ಈ ರಾಜಿಯಲ್ಲಿ ನನ್ನ ವೃತ್ತಿಪರ ಪಾತ್ರವೆಷ್ಟು, ನಾನು ಸುಮ್ಮನಿದ್ದದ್ದು ಸುಳ್ಳು ಹೇಳಿದಂತಾಯಿತೇ ಎಂಬುದನ್ನು ಮಂಡಳಿಯೇ ನಿರ್ಧರಿಸಬೇಕು.

೭. ನಿಜವಾದ ಮಾವ ಬಂದಿದ್ದರಿಂದ ಸ್ಥಾನ ತೆರವು ಮಾಡಲು ಒಪ್ಪಿದೆ. ಒಪ್ಪಿದ ಮೇಲೆ ಮನಸ್ಸು ಹಗುರಾಗಬೇಕಿತ್ತು, ಆಗಲಿಲ್ಲ. ಇದನ್ನೂ ತಮ್ಮ ಗಮನಕ್ಕೆ ತರುತ್ತೇನೆ. ಅಷ್ಟರಲ್ಲಿ ಶುಭದಾ ಹೇಳಿದ್ದು:

"ನೀವೂ ಬಾಜೂಕ ನಿಂದ್ರ್ರಿ ಸರ್. ನಮ್ಮ ಮಾಮಾನ ಭರೋಸಾ ಇಲ್ಲ. ಅಕ್ಷತಿ ಬೀಳೋದ್ರಾಗ ಅವ್ವನ ಮ್ಯಾಲ ಮತ್ತ ಸಿಟ್ಟು ಮಾಡಿ ಹೊಂಟ್ರ?"

ಆದ್ದರಿಂದ ಗುರುವಾರ ಮಂಗಳಾಷ್ಟಕ ಮುಗಿಯುವ ತನಕ ಬಂಡುರಾಯರ ಪಕ್ಕದಲ್ಲಿ ಪ್ರಭಾರ ಸೋದರಮಾವನಾಗಿ ನಿಲ್ಲಲು ಅನುಮತಿ ನೀಡಬೇಕು. ಅಕ್ಷತೆ ಬಿದ್ದ ಕೂಡಲೇ ಬಂಧುತ್ವ ರದ್ದುಪಡಿಸಿಕೊಂಡು, ಸಾಮಾನ್ಯ ಅತಿಥಿಯಾಗಿ ಊಟಕ್ಕೆ ಕೂಡುತ್ತೇನೆ. ಗುರುವಾರದೊಳಗೆ ಮಂಡಳಿ ರಚನೆಯಾಗದಿದ್ದಲ್ಲಿ ಇದನ್ನೇ ಘಟನೋತ್ತರ ಮಂಜೂರಾತಿಯ ಅರ್ಜಿಯೆಂದು ಭಾವಿಸಬೇಕು.

ತಮ್ಮ (ಇನ್ನೂ ನೋಂದಣಿಯಾಗದ) ವಿಶ್ವಾಸಿ,
ಯಶವಂತ ಕಲ್ಯಾಣಪ್ಪ

ಲಗತ್ತುಗಳು:
ಸಂಜೆ ತರಗತಿಯ ಅಂಕಪಟ್ಟಿ.
ಲಗ್ನಪತ್ರಿಕೆ (ಮಂಡಳಿಯ ಸದಸ್ಯರು ಸಹಕುಟುಂಬ ಬರಬೇಕೆಂದು ಮುಕ್ತಾಬಾಯಿ ಹೇಳಿದ್ದಾರೆ).

ವಿ.ಸೂ.: ಅನುಮತಿ ನಿರಾಕರಿಸುವುದಾದರೆ ದಯವಿಟ್ಟು ಮಂಡಳಿಯೇ ಮುಕ್ತಾಬಾಯಿಯವರಿಗೆ ನೇರವಾಗಿ ತಿಳಿಸಬೇಕು. ನನ್ನಿಂದ ಆಗುವುದಿಲ್ಲ.