ಎರವಲು ಮೂಗು

ಈ ಜಗತ್ತಿನಲ್ಲಿ ಮೂಗಿಗೆ ಆಗಿರುವಷ್ಟು ಅನ್ಯಾಯ ಬೇರೆ ಯಾವ ಅಂಗಕ್ಕೂ ಆಗಿಲ್ಲ. ಕಣ್ಣು ಮಂಜಾದರೆ ನನ್ನ ಅಂಗಡಿಗೆ ಬನ್ನಿ, ಕನ್ನಡಕ ಕೊಡುತ್ತೇನೆ (ನನ್ನ ಕಸುಬೇ ಅದು). ಕಿವಿ ಮಂದವಾದರೆ ಅದಕ್ಕೊಂದು ಯಂತ್ರವಿದೆ, ಹಲ್ಲು ಬಿದ್ದರೆ ಕಟ್ಟಿಸಿಕೊಳ್ಳಬಹುದು, ಕೂದಲು ಉದುರಿದರೆ ಟೋಪಿಯಾದರೂ ಉಂಟು. ಮೂಗು ಕೆಟ್ಟರೆ ಮಾತ್ರ ಡಾಕ್ಟರು ಕೈ ಚೆಲ್ಲಿ, ಬಂದರೆ ಬರುತ್ತೆ, ಕಾಯಿರಿ ಅನ್ನುತ್ತಾರೆ. ಅಲ್ಲ ಸ್ವಾಮಿ, ಊರವರ ಕನ್ನಡಕಗಳನ್ನೆಲ್ಲ ಹಗಲೂ ಇರುಳೂ ಹೊತ್ತುಕೊಂಡಿರುವುದು ಯಾರು? ಆ ಕೃತಜ್ಞತೆಯಾದರೂ ಬೇಡವೇ?

ಮೂಗಿನ ಬಗ್ಗೆ ನನಗೆ ಇಷ್ಟೊಂದು ಕಾಳಜಿ ಹುಟ್ಟಲು ಕಾರಣ ನಮ್ಮನೆಯವಳು. ಅವಳು ಮನೆಯಲ್ಲೇ ಕೇಕು ಮಾಡಿ ಕೇಳಿದವರಿಗೆ ಕೊಡುತ್ತಾಳೆ. ವೆನಿಲ್ಲಾ ಎಂದರೆ ಬಾಟಲಿಯಲ್ಲಿ ಸಿಗುವ ಎಸೆನ್ಸು ಎಂದು ನೀವು ತಿಳಿದಿದ್ದರೆ ದಯವಿಟ್ಟು ಅವಳೆದುರು ಬಾಯಿ ಬಿಡಬೇಡಿ. ಮದುವೆಯಾದ ಹೊಸದರಲ್ಲಿ ನಾನು ಬಿಟ್ಟು ಅನುಭವಿಸಿದ್ದೇನೆ. ಅವಳಿಗೆ ವೆನಿಲ್ಲಾ ಬಳ್ಳಿಯ ಇಡೀ ಕೋಡೇ ಆಗಬೇಕು. ಒಣಗಿ ಕಪ್ಪಾದ ಹುರುಳಿಕಾಯಿಯಂತೆ ಕಾಣುವ ಅದನ್ನು ಮೊದಲು ಬೆರಳಿಗೆ ಉಂಗುರದ ಹಾಗೆ ಸುತ್ತಿ ನೋಡುತ್ತಾಳೆ. ಮುರಿಯದೆ ಬಳುಕಿದರೆ ಪಾಸು. ಆಮೇಲೆ ಚಾಕುವಿನ ಮೊನೆಯಿಂದ ಉದ್ದಕ್ಕೆ ಸೀಳಿ, ಚಾಕುವಿನ ಬೆನ್ನಿನಿಂದ ಕಣ್ಣಿಗೆ ಕಂಡೂ ಕಾಣದಂಥ ಒಳಗಿನ ಬೀಜಗಳನ್ನು ಕೆರೆದು ಸಕ್ಕರೆಯೊಳಗೆ ಉಜ್ಜುತ್ತಾಳೆ. ಬರಿದಾದ ಸಿಪ್ಪೆಗೂ ಬಿಡುಗಡೆಯಿಲ್ಲ. ಅದಕ್ಕೆ ಬಿಸಿ ಹಾಲಿನಲ್ಲಿ ಸ್ನಾನ, ಬಳಿಕ ತೊಳೆದು ಒಣಗಿಸಿ ಸಕ್ಕರೆ ಡಬ್ಬಿಯಲ್ಲಿ ವಾಸ. (ಅವಳ ಕೈಗೆ ಸಿಕ್ಕವರಿಗೆ ನಿವೃತ್ತಿಯೆಂಬುದಿಲ್ಲ. ನನ್ನನ್ನೇ ನೋಡಿ.) ಇಷ್ಟರಲ್ಲಿ ಎಲ್ಲಿಯೂ ಗಡಿಯಾರಕ್ಕೆ ಕೆಲಸವಿಲ್ಲ. ಹಾಲಿಗೆ ಪರಿಮಳ ಇಳಿದದ್ದು ಸಾಕೋ, ಓವನ್ನಿನಲ್ಲಿ ಕೇಕು ಬೆಂದಿತೋ, ಎಲ್ಲವನ್ನೂ ಹೇಳುವುದು ಅವಳ ಮೂಗು.

ಇಂಥ ಮೂಗನ್ನು ಒಂದು ಹಾಳು ಜ್ವರ ಎತ್ತಿಕೊಂಡು ಹೋಯಿತು. ಜ್ವರ ಬಂದಿದ್ದು ಇಬ್ಬರಿಗೂ, ಒಟ್ಟಿಗೇ. ಬಿಟ್ಟ ದಿನ ಬೆಳಿಗ್ಗೆ ಅವಳು ಅಡುಗೆಮನೆಗೆ ಹೋಗಿ ವೆನಿಲ್ಲಾ ಡಬ್ಬಿಯ ಮುಚ್ಚಳ ತೆಗೆದು ಮೂಗಿಗೆ ಹಿಡಿದಳು. ಮತ್ತೊಮ್ಮೆ ಹಿಡಿದಳು. ಆಮೇಲೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಏನೂ ಬರ್ತಿಲ್ಲ ಕಣ್ರೀ," ಅಂದಳು. "ಇನ್ನು ಇದನ್ನೆಲ್ಲ ನಿಲ್ಲಿಸಿಬಿಡ್ತೀನಿ. ಮೂಗಿಲ್ಲದವಳು ಕೇಕ್ ಮಾಡೋದೂ ಒಂದೇ, ಕಣ್ಣಿಲ್ಲದವನು ಕನ್ನಡಕ ಮಾರೋದೂ ಒಂದೇ."

ಇವಳು ಸುಲಭಕ್ಕೆ ಅಳುವ ಹೆಂಗಸಲ್ಲ, ಅಳಿಸುವವಳು. ಅಂಥವಳ ಕಣ್ಣು ತುಂಬಿತ್ತು. ಹಿಂದೆಮುಂದೆ ನೋಡದೆ, ನನ್ನ ಮೂಗಿದೆಯಲ್ಲೇ, ಇಬ್ಬರಿಗೂ ಸಾಕು ಅಂದುಬಿಟ್ಟೆ.

ನಿಮಗೊಂದು ಗುಟ್ಟು ಹೇಳುತ್ತೇನೆ. ಆ ದಿನ ಹಲ್ಲುಜ್ಜುವಾಗಲೇ ನನಗೆ ತಿಳಿದಿತ್ತು, ಅದೇ ಜ್ವರದ ಜೊತೆ ನನ್ನ ಮೂಗೂ ಹೊರಟುಹೋಗಿದೆ ಅಂತ. ಮುಖದ ನಡುವೆ ಉಳಿದಿದ್ದು ಬರೀ ಕನ್ನಡಕದ ಸ್ಟ್ಯಾಂಡು. ಆದರೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನು ನೋಡಿದ ರೀತಿ ಇದೆಯಲ್ಲ, ಅದನ್ನು ಕಂಡ ಮೇಲೆ ನಿಜ ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ.

ಹೀಗೆ ನಾನು ಮೂಗಾಧಿಕಾರಿಯಾಗಿ ನೇಮಕಗೊಂಡೆ. ಅಂಗಡಿ ಮನೆಯ ಮುಂಭಾಗದಲ್ಲೇ ಇರುವುದರಿಂದ ಮಧ್ಯಾಹ್ನ ಬಾಗಿಲೆಳೆದುಕೊಂಡು ಬಂದು ಓವನ್ನಿನ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ಅವಳು ಸೀಳಿದ ಕೋಡನ್ನು ಹಿಡಿದು ಹೇಗಿದೆ ಎಂದು ಕೇಳುವಳು. ನಾನು ಕಣ್ಣು ಮುಚ್ಚಿ, ಎದೆಯುಬ್ಬಿಸಿ, "ಆಹಾ" ಎನ್ನುವೆ. ಆಮೇಲೆ ಜೇನು, ಹಸಿ ಮರದ ಹೊಟ್ಟು, ಹಳೆ ಪೆಟ್ಟಿಗೆ, ಮಗುವಿನ ನೆತ್ತಿ ಅಂತೆಲ್ಲ ಬಾಯಿಗೆ ಬಂದದ್ದನ್ನು ಪೋಣಿಸುವೆ. ವಾಸನೆ ಬಾರದವನಿಗೆ ವಾಸನೆಯ ವರ್ಣನೆ ಬಹಳ ಸುಲಭ, ಅಡ್ಡ ಬರಲು ವಾಸನೆಯೇ ಇರುವುದಿಲ್ಲ.

ಆದರೆ ಕೇಕು ಬೆಂದದ್ದನ್ನು ಕಂಡುಹಿಡಿಯಬೇಕಲ್ಲ? ಅದಕ್ಕೆ ನನಗೆ ಮಹಡಿ ಮೇಲಿನ ಟೈಲರು ಸಿಕ್ಕಿದರು. ಮಹಾ ಸಿಹಿಪ್ರಿಯರು. ನಮ್ಮ ಅಡುಗೆಮನೆಯ ಕಿಟಕಿಯಿಂದ ಘಮಲು ಏರಿ ಅವರನ್ನು ಮುಟ್ಟಿದ್ದೇ ತಡ, ಅವರ ಹೊಲಿಗೆ ಯಂತ್ರ ತಟ್ಟನೆ ನಿಲ್ಲುತ್ತಿತ್ತು. ಅದು ನಿಂತ ಕೂಡಲೇ ನಾನು, ಬಂತು ಬಂತು, ಈಗ ತೆಗಿ ಅನ್ನುವೆ. ಕೇಕು ಹೊನ್ನಿನ ಬಣ್ಣದಲ್ಲಿ ಹೊರಗೆ ಬರುತ್ತಿತ್ತು. ಅವಳು ನನ್ನ ಮೂಗನ್ನು ಮೆಚ್ಚುಗೆಯಿಂದ ನೋಡುವಳು. ಕಟ್ಟಿಕೊಂಡ ಗಂಡನಲ್ಲಿ ಇಷ್ಟು ವರ್ಷಕ್ಕೆ ಒಂದು ಉಪಯುಕ್ತ ಅಂಗ ಕಂಡ ಸಂತೋಷ ಅವಳದು.

ನನಗೂ ಸಂತೋಷವಾಗಿತ್ತು, ಸುಳ್ಳೇಕೆ ಹೇಳಲಿ. ಇಷ್ಟು ಕಾಲ ಸಂಸಾರ ಮಾಡಿದ್ದರೂ, ಬೆಣ್ಣೆ ಕಡೆಯುವಾಗ ಅವಳು ಸಣ್ಣಗೆ ಗುನುಗುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ಮೊಟ್ಟೆ ಒಡೆಯುವಾಗ ಪ್ರತಿ ಸಲವೂ ಅದರ ಕ್ಷಮೆ ಕೇಳುತ್ತಾಳೆ ಎಂದಂತೂ ಕನಸಿನಲ್ಲೂ ಎಣಿಸಿರಲಿಲ್ಲ. (ನನ್ನ ಕ್ಷಮೆ ಒಮ್ಮೆಯೂ ಕೇಳಿದ್ದಿಲ್ಲ.)

ಒಂದು ದಿನ ಮಾತ್ರ ಎಡವಟ್ಟಾಯಿತು. ಯಂತ್ರ ನಿಂತಿತು, ನಾನು ತೆಗಿ ಅಂದೆ, ಅವಳು ತೆಗೆದಳು. ಕತ್ತರಿಸಿದರೆ ಕೇಕಿನ ನಡುಭಾಗ ಹಸಿಹಿಟ್ಟು. ನೆಗಡಿ ಬರುವ ಹಾಗಿದೆ ಎಂದು ತಪ್ಪಿಸಿಕೊಂಡೆ. ಸಂಜೆ ಟೈಲರು ಕನ್ನಡಕ ಸರಿಮಾಡಿಸಲು ಬಂದಾಗ ತಿಳಿಯಿತು, ಮಧ್ಯಾಹ್ನ ಅವರ ಸೂಜಿ ಮುರಿದಿತ್ತಂತೆ.

ಅದಾಗಿ ಸ್ವಲ್ಪ ದಿನಕ್ಕೆ, ಯಾರೂ ಕೇಳದಿದ್ದರೂ ಅವಳೊಂದು ಪುಟ್ಟ ಕೇಕು ಮಾಡಿ ಒಂದು ತುಂಡು ನನ್ನ ಕೈಗಿಟ್ಟಳು. ಪರಿಮಳ ಹೇಗಿದೆ ಅಂದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹಸಿ ಕೇಕಿನ ಅಪವಾದ ತೊಳೆಯಬೇಕೆಂದು ನಾನು ಎಂದಿಗಿಂತ ದೊಡ್ಡ "ಆಹಾ" ತೆಗೆದೆ. ವೆನಿಲ್ಲಾ ಅಂದ್ರೆ ಇದಪ್ಪಾ, ಇವತ್ತಿನಷ್ಟು ಯಾವತ್ತೂ ಘಮಘಮಿಸಿರಲಿಲ್ಲ ಅಂದೆ. ಅವಳು ನನ್ನನ್ನೇ ಒಂದು ಗಳಿಗೆ ನೋಡಿದಳು. ಬಳಿಕ ತಿರುಗಿ, ತೊಳೆದಿಟ್ಟಿದ್ದ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದಳು.

ಆಮೇಲೆ ಬಂತು ಟೈಲರ ಮಗಳ ಹುಟ್ಟುಹಬ್ಬ. ಕೇಕು ನಮ್ಮದೇ. ಮಗಳ ಹುಟ್ಟುಹಬ್ಬದ ದಿನ ಯಾವ ಅಪ್ಪ ಹೊಲಿಗೆ ಹೊಲಿಯುತ್ತಾನೆ? ಮಹಡಿ ಮೇಲೆ ಯಂತ್ರದ ಸದ್ದೇ ಇಲ್ಲ. ಈ ಕೇಕು ಕೆಟ್ಟರೆ ಇವಳು ಓವನ್ನನ್ನು ಬಟ್ಟೆ ಮುಚ್ಚಿ ಮೂಲೆಗಿಡುವುದು ಖಂಡಿತ ಎಂದು ನನಗೆ ಗೊತ್ತಿತ್ತು. ಸ್ಟೂಲಿನ ಮೇಲೆ ಕೂತು ಮೂಗಿನ ಹೊಳ್ಳೆಗಳನ್ನು ಅರಳಿಸಿದ್ದೇ ಅರಳಿಸಿದ್ದು, ಬಂದದ್ದು ಬರೀ ಗಾಳಿ. ಇನ್ನೂ ಇಲ್ಲ, ಇನ್ನೂ ಇಲ್ಲ ಎಂದು ಕಾಲ ತಳ್ಳುತ್ತಿದ್ದಾಗ ಅವಳು ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಓವನ್ನಿನ ಬಾಗಿಲು ತೆಗೆದು ಕೇಕನ್ನು ಹೊರಗಿಟ್ಟಳು. ಅದು ಹದವಾಗಿ ಉಬ್ಬಿ, ತಟ್ಟೆಯ ಅಂಚು ಬಿಟ್ಟುಕೊಂಡು ನಿಂತಿತ್ತು.

"ನಿನಗೆ ಹೇಗೆ ಗೊತ್ತಾಯ್ತು?" ಅಂದೆ.

"ವಾಸನೆ ಬಂತು."

ಜ್ವರ ಬಿಟ್ಟ ಮೇಲೆ ಅಷ್ಟು ಖುಷಿ ನನಗೆ ಆಗಿರಲಿಲ್ಲ. ಬಂತೇನೇ, ಯಾವಾಗ ಬಂತೇ ಎಂದು ಅವಳ ಹಿಟ್ಟಿನ ಕೈ ಹಿಡಿದುಕೊಂಡೇ ಕೇಳಿದೆ. ಅವಳು ಹೇಳಿದ್ದು ಕೇಳಿ ಮೆಲ್ಲಗೆ ಕೈ ಬಿಟ್ಟೆ. ಹಸಿ ಕೇಕಾದ ವಾರವೇ ಬರತೊಡಗಿತ್ತಂತೆ. ಮೊದಮೊದಲು ಪಕ್ಕದ ಕೋಣೆಯಲ್ಲಿ ಯಾರೋ ಪಿಸುಗುಟ್ಟಿದಷ್ಟು, ದಿನ ಕಳೆದಂತೆ ಚೆನ್ನಾಗಿ. ಆಗಲೇ ನನ್ನ ಮೇಲೆ ಅನುಮಾನ ಬಂದು ಆ ಪುಟ್ಟ ಕೇಕು ಮಾಡಿದ್ದಂತೆ.

"ಅದಕ್ಕೆ ನಾನು ವೆನಿಲ್ಲಾನೇ ಹಾಕಿರಲಿಲ್ಲ," ಅಂದಳು. "ನೀವು ಆಹಾ ಅಂದ್ರಲ್ಲ, ನನಗೆ ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ. ತಮ್ಮದೇ ಮೂಗು ಕಳ್ಕೊಂಡು, ನನಗೋಸ್ಕರ ಈ ಸೆಕೆಯಲ್ಲಿ ಬಂದು ಕೂರ್ತಿದ್ದಾರಲ್ಲ ಈ ಮನುಷ್ಯ, ಅನ್ನಿಸ್ತು."

"ಮತ್ತೆ ಆವತ್ತೇ ಯಾಕೆ ಹೇಳಲಿಲ್ಲ?"

ಅವಳು ಕೇಕಿನ ತಟ್ಟೆಯನ್ನು ಸುಮ್ಮನೆ ಅತ್ತಿತ್ತ ಸರಿಸಿದಳು. "ಹೇಳಿದ್ರೆ ನೀವು ಎದ್ದು ಅಂಗಡಿಗೆ ಹೋಗ್ತಿದ್ರಿ."

ಅಂದಿನಿಂದ ಚಿಕಿತ್ಸೆ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ನಾನು ಸ್ಟೂಲಿನ ಮೇಲೆ ಕೂರಬೇಕು. ಅವಳು ಎದುರು ಕೂತು, ಒಂದು ಕೈಯಲ್ಲಿ ನನ್ನ ಗದ್ದ ಹಿಡಿದು, ಇನ್ನೊಂದರಲ್ಲಿ ಆಗಷ್ಟೇ ಸೀಳಿದ ಕೋಡನ್ನು ಮೂಗಿಗೆ ಹಿಡಿಯುತ್ತಾಳೆ. ಬಂತಾ ಅನ್ನುತ್ತಾಳೆ. ಇಲ್ಲ ಅನ್ನುತ್ತೇನೆ. ಬರುತ್ತೆ ಬಿಡಿ ಅನ್ನುತ್ತಾಳೆ. ಆಮೇಲೆ ಕಾಫಿ ಕುಡಿಯುತ್ತಾ ಅದೂ ಇದೂ ಮಾತಾಡುತ್ತೇವೆ. ಬೀಗ ತೆಗೆಯಲು ತಡವಾಗಿ ಗಿರಾಕಿಗಳು ಗೊಣಗುತ್ತಾರೆ, ಗೊಣಗಲಿ.

ನಿನ್ನೆ ಬೆಳಿಗ್ಗೆ ಅದು ಬಂತು. ನಾನು ವರ್ಣಿಸಿದ್ದ ಜೇನು, ಪೆಟ್ಟಿಗೆ, ಯಾವುದರ ಹಾಗೂ ಇರಲಿಲ್ಲ. ಬೆಚ್ಚಗಿತ್ತು, ಸಿಹಿಯಾಗಿತ್ತು, ಅವಳ ಕೈಯ ಹಾಗಿತ್ತು. ಬಂತು ಎಂದು ಹೇಳಲು ಬಾಯಿ ತೆರೆದವನಿಗೆ, ಹೇಳಿದರೆ ಇವಳು ಗದ್ದ ಬಿಟ್ಟು ಎದ್ದುಹೋಗುತ್ತಾಳಲ್ಲ ಎನ್ನಿಸಿತು.

"ಇಲ್ಲ ಕಣೇ," ಅಂದೆ. "ಇವತ್ತೂ ಇಲ್ಲ."

ಅವಳು ಕೋಡನ್ನು ಕೆಳಗಿಟ್ಟಳು. ಗದ್ದ ಮಾತ್ರ ಬಿಡಲಿಲ್ಲ.

"ಸುಳ್ಳು," ಅಂದಳು. "ವಾಸನೆ ಬಾರದಿದ್ದಾಗ ಊರಿಗೆಲ್ಲ ಕೇಳೋ ಹಾಗೆ ಆಹಾ ಅಂತಿದ್ರಿ. ಇವತ್ತು ಉಸಿರು ಬಿಡೋದನ್ನೇ ಮರೆತು ಕೂತಿದ್ದೀರಿ. ಬಂದಿದೆ ನಿಮಗೆ."

ತಲೆ ತಗ್ಗಿಸಿದೆ. ಅವಳು ಎದ್ದು, ಒಲೆಯ ಪಕ್ಕದಲ್ಲಿದ್ದ ಮಾಸಿದ ಏಪ್ರನ್ನನ್ನು ನನ್ನ ಕೊರಳಿಗೆ ಹಾಕಿ, ಹಿಂದಿನಿಂದ ಬಿಗಿಯಾಗಿ ಗಂಟು ಬಿಗಿದಳು.

"ನಾಳೆಯೂ ಇದೇ ಹೊತ್ತಿಗೆ ಬಂದು ಕೂತ್ಕೊಳ್ಳಿ, ಬೇಡ ಅಂದವರಾರು," ಅಂದಳು. "ಆದ್ರೆ ಬರೀ ಮೂಗು ಹೊತ್ಕೊಂಡು ಬಂದ್ರೆ ಆಗಲ್ಲ. ಕೈಯೂ ಇದೆಯಲ್ಲ. ತೊಟ್ಟಿಯಲ್ಲಿ ಪಾತ್ರೆ ರಾಶಿ ಬಿದ್ದಿದೆ, ಶುರು ಮಾಡಿ."