ಪಿಸುಮಾತು ಬಾರದವನ ಪಿಚ್ಚರ್ ಜಗಳಗಳು

ನಾನು ಜಗಳ ಮಾಡಲೆಂದು ಸಿನಿಮಾಕ್ಕೆ ಹೋಗುವುದಿಲ್ಲ. ಸಿನಿಮಾ ನೋಡಲೆಂದೇ ಹೋಗುತ್ತೇನೆ, ಜಗಳ ಅದರ ಪಾಡಿಗೆ ಅದು ಆಗುತ್ತದೆ. ಪ್ರತಿ ಸಲವೂ ಇದೇ ಕಡೆಯದು ಎಂದುಕೊಂಡು ಹೊರಗೆ ಬರುತ್ತೇನೆ. ಮುಂದಿನ ಶುಕ್ರವಾರ ಇನ್ನೊಂದು ಬಿಡುಗಡೆಯಾಗುತ್ತದೆ.

ಮೊದಲೇ ಒಂದು ವಿಷಯ ಹೇಳಿಬಿಡಬೇಕು. ನಾನು ಮೂವತ್ತು ವರ್ಷ ಭದ್ರಾವತಿಯ ಕಾರ್ಖಾನೆಯಲ್ಲಿ, ದಿನವಿಡೀ ಗುಡುಗುವ ಯಂತ್ರದ ಪಕ್ಕ ನಿಂತು ದುಡಿದವನು. ಅಲ್ಲಿ ‘ಸ್ಪ್ಯಾನರ್ ಕೊಡು’ ಎನ್ನಬೇಕಾದರೂ ಕೂಗಬೇಕು. ನಿವೃತ್ತನಾಗಿ ಶಿವಮೊಗ್ಗದ ಗೋಪಾಳದಲ್ಲಿ ಮನೆ ಮಾಡಿದಾಗ ಯಂತ್ರ ಅಲ್ಲೇ ಉಳಿಯಿತು, ದನಿ ಮಾತ್ರ ನನ್ನ ಜೊತೆ ಬಂತು. ನನಗೆ ಪಿಸುಗುಟ್ಟಲು ಬರುವುದಿಲ್ಲ. ಪಿಸುಗುಟ್ಟಿದೆ ಎಂದು ನಾನು ಅಂದುಕೊಂಡದ್ದು ಬಾಲ್ಕನಿಯ ಕೊನೆಯ ಸಾಲಿಗೂ ಕೇಳುತ್ತದೆ.

ಇವಳು, ಅಂದರೆ ನನ್ನ ಹೆಂಡತಿ, ಇದಕ್ಕೆ ತದ್ವಿರುದ್ಧ. ಎಂಥ ಸಿನಿಮಾ ನೋಡಿದರೂ ಅವಳದು ಒಂದೇ ಮಾತು, ‘ಪರವಾಗಿಲ್ಲ’. ಮದುವೆಯಾದಾಗಿನಿಂದ ಶನಿವಾರದ ಮ್ಯಾಟಿನಿ ನಮ್ಮಿಬ್ಬರದು. ಅವಳಿಗೆ ಬೇಕಾದದ್ದು ಇಷ್ಟೇ, ಕತ್ತಲಲ್ಲಿ ಕೂತು, ಸೆರಗಿನ ತುದಿ ಹಿಡಿದುಕೊಂಡು, ನೆಮ್ಮದಿಯಾಗಿ ಒಂದು ಸಲ ಅಳಬೇಕು. ಈಚೆಗೆ ಅಷ್ಟನ್ನೂ ಕೊಡಲು ನನ್ನಿಂದ ಆಗಿಲ್ಲ. ಅದಕ್ಕೆ ಕಾರಣ ನಾನಲ್ಲ, ಈಗಿನ ಸಿನಿಮಾಗಳು.

ಹೀರೋ ಕಾರಿನಿಂದ ಇಳಿದದ್ದು

ಭದ್ರಾವತಿಯ ಥಿಯೇಟರ್. ದೊಡ್ಡ ಹೀರೋನ ಹೊಸ ಸಿನಿಮಾ. ಕಾರು ಬಂದು ನಿಂತಿತು. ಬಾಗಿಲು ತೆರೆಯಿತು. ಒಂದು ಬೂಟು ಕಂಡಿತು. ಬೂಟಿನ ಕೆಳಗೆ ಧೂಳು ಎದ್ದಿತು, ಆ ಧೂಳನ್ನು ನಾಲ್ಕು ಕಡೆಯಿಂದ ತೋರಿಸಿದರು. ಆಮೇಲೆ ಇನ್ನೊಂದು ಬೂಟು. ಇಷ್ಟಕ್ಕೆ ಒಂದು ಹಾಡು ಮುಗಿದು ಎರಡನೆಯದು ಶುರುವಾಗಿತ್ತು. ಮನುಷ್ಯ ಇನ್ನೂ ಸೊಂಟದವರೆಗೆ ಮಾತ್ರ ಹೊರಗೆ ಬಂದಿದ್ದ.

ನನಗೆ ಮೈಯೆಲ್ಲ ಉರಿಯಿತು. ಇವಳ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದೆ: “ಇವನು ಇಳಿಯೋದ್ರೊಳಗೆ ಶಿವಮೊಗ್ಗಕ್ಕೆ ನಡ್ಕೊಂಡು ಹೋಗಿ ಬರಬಹುದು.”

ಇಡೀ ಥಿಯೇಟರ್ ನಕ್ಕಿತು. ಮುಂದಿನ ಸಾಲುಗಳಲ್ಲಿದ್ದ ಅಭಿಮಾನಿಗಳು ಮಾತ್ರ ನಗಲಿಲ್ಲ. ಒಬ್ಬ ಎದ್ದು ನಿಂತು, “ಯಾರದು ನಮ್ ಬಾಸ್‌ಗೆ ಅಂದಿದ್ದು?” ಎಂದ. ನಾನು ಕೈ ಎತ್ತಿದೆ. ನನ್ನ ನರೆಗೂದಲು ನೋಡಿ, “ವಯಸ್ಸಾಗಿದೆ ಅಂತ ಬಿಟ್ಟಿದ್ದೀನಿ ಸಾರ್” ಎಂದು ಕೂತ. ನನಗೆ ವಯಸ್ಸಾದದ್ದು ಆ ದೃಶ್ಯ ನೋಡುತ್ತಲೇ ಎಂದು ಹೇಳೋಣ ಎಂದರೆ ಪಕ್ಕದಲ್ಲಿ ಇವಳಿಲ್ಲ. ನೋಡಿದರೆ ಮೂರು ಸೀಟು ಆಚೆ ಹೋಗಿ ಕೂತಿದ್ದಾಳೆ.

ಇಂಟರ್‌ವಲ್ಲಿನಲ್ಲಿ ಅವಳ ಪಕ್ಕದ ಹೆಂಗಸು ನನ್ನನ್ನು ತೋರಿಸಿ, “ಪಾಪ, ಈಯಪ್ಪನ ಹೆಂಡ್ತಿ ಹೇಗೆ ಬಾಳ್ವೆ ಮಾಡ್ತಾಳೋ” ಎಂದರಂತೆ. ಇವಳು ಅವರು ಕೊಟ್ಟ ಪಾಪ್‌ಕಾರ್ನ್ ತಿನ್ನುತ್ತಾ, “ಹೌದು ನೋಡಿ, ಯಾವಳು ಪಡಕೊಂಡು ಬಂದಿದ್ದಾಳೋ” ಎಂದಳಂತೆ.

ಉಳಿದರ್ಧ

ಇದು ಶಿವಮೊಗ್ಗದಲ್ಲಿ ನಡೆದದ್ದು. ಮೂರು ಗಂಟೆ ಕೂರಿಸಿಕೊಂಡು ಕತೆ ಹೇಳಿದರು. ಕೊನೆಗೆ ವಿಲನ್ ಕತ್ತಿ ಎತ್ತಿದ, ಹೀರೋ ಕತ್ತಿ ಎತ್ತಿದ, ಎರಡೂ ತಾಗುವ ಹೊತ್ತಿಗೆ ಪರದೆ ಕಪ್ಪಾಯಿತು. ‘ಎರಡನೇ ಭಾಗದಲ್ಲಿ ಭೇಟಿಯಾಗೋಣ’ ಎಂದು ಅಕ್ಷರ ಬಂತು.

ಜನ ಎದ್ದು ಹೋದರು. ನಾನು ಏಳಲಿಲ್ಲ. ಕ್ಷೌರಕ್ಕೆ ಕೂತವನ ಒಂದೇ ಕೆನ್ನೆ ಕೆರೆದು, ಇನ್ನೊಂದಕ್ಕೆ ಆಮೇಲೆ ಬನ್ನಿ ಎಂದರೆ ಯಾರಾದರೂ ಸುಮ್ಮನೆ ಎದ್ದು ಹೋಗುತ್ತಾರೆಯೇ? ಇವಳು ತೋಳು ಹಿಡಿದು ಎಳೆದಳು. ಕಸ ಗುಡಿಸುವವರು ಬಂದು ನನ್ನ ಕಾಲ ಸುತ್ತ ಗುಡಿಸಿದರು. ಕಡೆಗೆ ಮ್ಯಾನೇಜರೇ ಬಂದರು.

“ಮುಗೀತು ಸಾರ್.”

“ಎಲ್ಲಿ ಮುಗಿದಿದೆ? ಅವನು ಕತ್ತಿ ಎತ್ತಿದ್ದಾನೆ, ಇಳಿಸಿಲ್ಲ. ಉಳಿದರ್ಧ ಹಾಕಿ, ನೋಡ್ಕೊಂಡೇ ಹೋಗ್ತೀನಿ.”

“ಅದು ಬರೋಕೆ ಇನ್ನೂ ಎರಡು ವರ್ಷ ಆಗುತ್ತೆ.”

“ಆಗಲಿ. ಕೂತಿರ್ತೀನಿ.”

ಮ್ಯಾನೇಜರು ಒಳ್ಳೆಯ ಮನುಷ್ಯ. ನನ್ನ ಪಕ್ಕದ ಸೀಟಿನಲ್ಲೇ ಕೂತು ಸಮಾಧಾನವಾಗಿ ಹೇಳಿದರು: “ಕೂತ್ಕೊಳ್ಳಿ ಸಾರ್, ನಾನು ಬೇಡ ಅನ್ನಲ್ಲ. ಆದ್ರೆ ಅಲ್ಲಿಯವರೆಗೆ ಮಧ್ಯೆ ಬಿಡುಗಡೆ ಆಗೋ ಎಲ್ಲ ಪಿಚ್ಚರನ್ನೂ ನೀವು ನೋಡಬೇಕಾಗುತ್ತೆ.”

ನಾನು ತಕ್ಷಣ ಎದ್ದೆ.

ಒಂದು ‘ತಿ’

ಇಷ್ಟರವರೆಗೆ ಇವಳು ಸಹಿಸಿಕೊಂಡಿದ್ದಳು. ನಿಜವಾಗಿ ಕೆಟ್ಟದ್ದು ಇಲ್ಲಿ.

ನಮ್ಮ ಕಡೆಯದೇ ಕತೆ, ನಮ್ಮ ಕಡೆಯದೇ ಮಾತು ಎಂದು ಜಾಹೀರಾತು ಮಾಡಿದ ಸಿನಿಮಾ. ಅದು ಭದ್ರಾವತಿಯಲ್ಲಿ ಮಾತ್ರ ಓಡುತ್ತಿತ್ತು, ಆಸೆಯಿಂದ ಬಸ್ ಹತ್ತಿ ಹೋದೆವು. ನಮ್ಮ ಕಡೆಯ ಮಾತು ಎಂದರೆ ಆ ನಿರ್ದೇಶಕನಿಗೆ ಯಾರೋ ಒಂದೇ ಪದ ಹೇಳಿಕೊಟ್ಟಿದ್ದರು. ಮಾರಾಯ. ಹೀರೋ ಅಪ್ಪನಿಗೆ ಮಾರಾಯ ಎಂದ, ನಾಯಿಗೆ ಮಾರಾಯ ಎಂದ. ಅದನ್ನೂ ಸಹಿಸಿದೆ. ಆಮೇಲೆ ಹೀರೋಯಿನ್ ಬಂದಳು. ಅವಳ ಕೈ ಹಿಡಿದು, “ನೀನಂದ್ರೆ ನಂಗಿಷ್ಟ ಮಾರಾಯ” ಎಂದ.

ಹುಟ್ಟಿ ಬೆಳೆದ ಊರಿನ ಮಾತಿಗೆ ಹೀಗೆ ಮಾಡಿದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಇಲ್ಲಿ ಗಂಡಸಿಗೆ ಮಾರಾಯ, ಹೆಂಗಸಿಗೆ ಮಾರಾಯ್ತಿ. ಮೂರು ವರ್ಷದ ಮಗುವಿಗೂ ಗೊತ್ತಿರುವ ವಿಷಯ. ಇಷ್ಟು ಕೋಟಿ ಸುರಿದು ಸಿನಿಮಾ ಮಾಡುವವರಿಗೆ ಒಂದು ‘ತಿ’ ಹಾಕಲು ಆಗಲಿಲ್ಲ. ನಾನು ಮೆಲ್ಲಗೆ, ನನ್ನ ಮಟ್ಟಿಗೆ ಮೆಲ್ಲಗೆ, “ತಿ” ಎಂದೆ.

ಜನ ನಕ್ಕರು. ಹಿಂದಿನ ಸಾಲಿನಿಂದ ಒಬ್ಬರು, “ಕರೆಕ್ಟ್ ಅಣ್ಣಾ, ವಿಡಾದೀಂಗ, ಬಿಡಬೇಡಿ” ಎಂದು ತಮಿಳು ಬೆರೆಸಿ ಹುರಿದುಂಬಿಸಿದರು. ಎರಡನೇ ಸಲ ಅವನು ಅವಳಿಗೆ ಮಾರಾಯ ಎಂದಾಗ ಹತ್ತು ಜನ ನನ್ನ ಜೊತೆ “ತಿ” ಎಂದರು. ಭದ್ರಾವತಿಯ ಥಿಯೇಟರಿನಲ್ಲಿ ಅರ್ಧಕ್ಕರ್ಧ ಜನ ಕಾರ್ಖಾನೆಯ ಗಂಟಲಿನವರೇ. ಇಂಟರ್‌ವಲ್ ಆದಮೇಲೆ ಅವನು ಬಾಯಿ ತೆರೆದರೆ ಸಾಕು, ಎಲ್ಲರೂ ತಯಾರಾಗಿ ಕಾಯುತ್ತಿದ್ದರು.

ಕ್ಲೈಮ್ಯಾಕ್ಸ್ ಬಂತು. ಹೀರೋಗೆ ಗುಂಡು ತಗುಲಿತು. ಹೀರೋಯಿನ್ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಪಿಟೀಲು ಶುರುವಾಯಿತು. ಇವಳು ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿದಳು. ಎಷ್ಟು ದಿನದಿಂದ ಕಾದಿದ್ದ ಅಳು ಅದು. ಹೀರೋ ಕೊನೆಯ ಉಸಿರು ಎಳೆಯುತ್ತಾ, “ನನ್ನ ಮರೀಬೇಡ... ಮಾರಾಯ...” ಎಂದ.

ನಾನು ಬಾಯಿ ಮುಚ್ಚಿಕೊಂಡಿದ್ದೆ. ದೇವರಾಣೆಗೂ ಮುಚ್ಚಿಕೊಂಡಿದ್ದೆ. ಉಳಿದ ಇಡೀ ಥಿಯೇಟರ್ ಒಂದೇ ದನಿಯಲ್ಲಿ “ತೀ” ಎಂದಿತು.

ಇವಳ ಅಳು ಅರ್ಧಕ್ಕೇ ನಿಂತಿತು. ಹೊರಗೆ ಬಂದಮೇಲೆ ಒಂದೇ ಮಾತು ಹೇಳಿದಳು: “ಅಳೋಕೂ ಬಿಡಲ್ಲ ನೀವು. ಇನ್ಮೇಲೆ ನಿಮ್ಮ ಜೊತೆ ಪಿಚ್ಚರಿಗೆ ಬರಲ್ಲ.” ದನಿ ಏರಿಸಲಿಲ್ಲ. ಅದಕ್ಕೇ ನನಗೆ ಭಯವಾಯಿತು.

ವಾಪಸ್ ಬರುವ ಬಸ್ಸಿನಲ್ಲಿ ಕಂಡಕ್ಟರ್ ಬಂದ. ಇವಳು ಆಧಾರ್ ಕಾರ್ಡ್ ತೋರಿಸಿ, “ನನಗೆ ಫ್ರೀ. ಇವರು ಯಾರೋ ಗೊತ್ತಿಲ್ಲ” ಎಂದಳು.

ಮೈಕಿನವರು

ಅಲ್ಲಿಂದ ಮುಂದಿನ ಶನಿವಾರಗಳಲ್ಲಿ ನಾನೊಬ್ಬನೇ. ಪಕ್ಕದ ಸೀಟು ಖಾಲಿ. ಬೈಯಬೇಕೆಂದು ಬಗ್ಗಿದರೆ ಕಿವಿ ಇಲ್ಲ. ಬೈಗುಳವೆಲ್ಲ ಒಳಗೇ ಉಳಿಯಿತು.

ಹಾಗೆ ಬೈಗುಳ ತುಂಬಿಕೊಂಡು ಒಂದು ದಿನ ಹೊರಗೆ ಬಂದಾಗ ಥಿಯೇಟರ್ ಬಾಗಿಲಲ್ಲಿ ಮೈಕು ಹಿಡಿದವರು ನಿಂತಿದ್ದರು. ಈಗ ಎಲ್ಲ ಹೊಸ ಸಿನಿಮಾಕ್ಕೂ ಇವರದೊಂದು ಕಾಟ. “ಸಾರ್, ಪಿಚ್ಚರ್ ಹೇಗಿದೆ?” ಎಂದರು. ಸಿಕ್ಕಿತಲ್ಲ ಒಂದು ಕಿವಿ ಎಂದು ಶುರುಮಾಡಿದೆ.

“ಇದು ನೋಡಲೇಬೇಕಾದ ಸಿನಿಮಾ ಅಂತ ಪೋಸ್ಟರ್‌ನಲ್ಲಿ ಹಾಕಿದ್ದಾರಲ್ಲ, ಹಾಕಿದವನನ್ನ ಮೊದಲು ಕಟ್ಟಿಹಾಕಿ ತೋರಿಸಿ. ಹೀರೋ ಆಕ್ಟಿಂಗ್ ಅದ್ಭುತ ಅನ್ನೋರಿಗೆ ಕಣ್ಣು ಪರೀಕ್ಷೆ ಮಾಡಿಸಿ. ಮನೆಮಂದಿಯೆಲ್ಲ ಕೂತು ನೋಡಬಹುದು, ಮನೆಮಂದಿ ಮೇಲೆ ದ್ವೇಷ ಇದ್ರೆ.”

ಮರುದಿನ ಎಲ್ಲರ ಮೊಬೈಲಿನಲ್ಲೂ ನಾನೇ. “ಇದು ನೋಡಲೇಬೇಕಾದ ಸಿನಿಮಾ. ಹೀರೋ ಆಕ್ಟಿಂಗ್ ಅದ್ಭುತ. ಮನೆಮಂದಿಯೆಲ್ಲ ಕೂತು ನೋಡಬಹುದು.” ಕೆಳಗೆ ‘ಹಿರಿಯರು ಫಿದಾ’ ಎಂದು ಬರೆದಿದ್ದರು. ನಮ್ಮ ಕನ್ನಡದ ಕಷ್ಟ ಇದೇ. ಬೈಗುಳ ವಾಕ್ಯದ ಕೊನೆಯಲ್ಲಿ ಬರುತ್ತದೆ. ಬಾಲ ಕತ್ತರಿಸಿದರೆ ಎಂಥ ಶಾಪವೂ ಆಶೀರ್ವಾದವಾಗಿಬಿಡುತ್ತದೆ. ನಾನು ಸಿಟ್ಟಿನಿಂದ ಕೈ ಬೀಸಿದ್ದು ಕೂಡ ಅದರಲ್ಲಿ ಹುಮ್ಮಸ್ಸಿನಂತೆ ಕಾಣುತ್ತಿತ್ತು.

ಅದನ್ನು ನೋಡಿ ನನಗೆ ಹೇಳದೆ ಇವಳು ತನ್ನ ಭಜನಾ ಮಂಡಳಿಯ ಏಳು ಹೆಂಗಸರನ್ನು ಕಟ್ಟಿಕೊಂಡು ಆ ಸಿನಿಮಾಕ್ಕೆ ಹೋಗಿದ್ದಳು. ಅದರಲ್ಲಿ ಹೀರೋ ಇಂಟರ್‌ವಲ್ಲಿಗೆ ಮೊದಲೇ ಊರಿನ ಅರ್ಧ ಜನರನ್ನು ಗರಗಸದಲ್ಲಿ ಕೊಯ್ಯುತ್ತಾನೆ. ಸಂಜೆ ಎಂಟು ಜನರೂ ನಮ್ಮ ಮನೆಗೆ ಬಂದರು. ಮಂಡಳಿಯ ಮುಖ್ಯಸ್ಥೆ ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವಳು, ನನಗೆ ತಂಗಿಯಿದ್ದಂತೆ.

“ಏನಣ್ಣಾ, ನಮ್ಮ ಮೇಲೆ ನಿಂಗೆ ಎಂತ ದ್ವೇಷ?” ಎಂದಳು.

“ಅದನ್ನೇ ನಾನೂ ಹೇಳಿದ್ದು. ಅದನ್ನೇ ಅವರು ಕತ್ತರಿಸಿದ್ದು” ಎಂದೆ. ಯಾರೂ ನಂಬಲಿಲ್ಲ.

ಎಲ್ಲರೂ ಹೋದಮೇಲೆ ಇವಳನ್ನು ಕೇಳಿದೆ, “ನೀನ್ಯಾಕೆ ಹೋದೆ?”

“ಮದುವೆಯಾದ ಮೇಲೆ ಮೊದಲನೇ ಸಲ ನೀವು ಒಂದು ಪಿಚ್ಚರ್ ಹೊಗಳಿದ್ದೀರಿ ಅಂತ ಹೋದೆ” ಎಂದಳು. ಆಮೇಲೆ ಲೋಟಗಳನ್ನು ಎತ್ತಿಡುತ್ತಾ, “ಅಲ್ಲಿ ಬೈಯೋರು ಯಾರೂ ಇರ್ಲಿಲ್ಲ. ಎಷ್ಟು ಕಷ್ಟ ಆಯ್ತು ಗೊತ್ತಾ” ಎಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಆ ದರಿದ್ರ ಸಿನಿಮಾ ಮಾಡಿದವನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಬಾಯಿ ಬಿಡದ ದಿನ

ಮುಂದಿನ ಶನಿವಾರ ಇಬ್ಬರೂ ಹೋದೆವು. ಷರತ್ತು ಒಂದೇ, ನಾನು ಬಾಯಿ ಬಿಡಕೂಡದು. ನನ್ನ ಮಾತಿನ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ಬಾಗಿಲಲ್ಲೇ ನಾಲ್ಕು ಎಲೆ ಮಡಚಿ, ಹೋಳು ಹೋಳು ಅಡಿಕೆ ಇಟ್ಟು ಬಾಯಿಗೆ ತುರುಕಿದಳು. ಒಳಗೆ ಉಗುಳುವ ಹಾಗಿಲ್ಲ. ಉಗುಳದೆ ಮಾತಾಡುವ ಹಾಗಿಲ್ಲ.

ತಾಯಿ ಮಗನ ಕತೆ. ತಾಯಿ ಹಾಸಿಗೆ ಹಿಡಿದಳು, ಇವಳು ಸೆರಗು ತೆಗೆದಳು. ಅಷ್ಟರಲ್ಲಿ ಹೀರೋ ಕನಸು ಕಂಡ, ಯಾವುದೋ ಹಿಮದ ದೇಶದಲ್ಲಿ ಐವತ್ತು ಹುಡುಗಿಯರು ಕುಣಿದರು. ತಾಯಿ ಕಣ್ಣು ಮುಚ್ಚಿದಳು, ಇವಳು ಮತ್ತೆ ಸೆರಗು ತೆಗೆದಳು. ಕಾಮಿಡಿಯವನು ಬಂದು ಶವದ ಪಕ್ಕ ಜಾರಿಬಿದ್ದ. ಚಿತೆಗೆ ಬೆಂಕಿ ಇಡುವಾಗ ಹೀರೋ ಅದೇ ಕೊಳ್ಳಿಯಲ್ಲಿ ಎಂಟು ಜನರಿಗೆ ಹೊಡೆದ. ನನ್ನ ಕಣ್ಣಲ್ಲಿ ನೀರು ಬಂತು, ನುಂಗಿದ ಅಡಿಕೆಯಿಂದ. ಇವಳ ಸೆರಗು ಮಾತ್ರ ಒಣಗಿಯೇ ಇತ್ತು. ಓರೆಗಣ್ಣಿನಲ್ಲಿ ನೋಡಿದೆ, ಅವಳ ಮೂಗಿನ ಹೊಳ್ಳೆ ಅರಳಿತ್ತು.

ಹೊರಗೆ ಮತ್ತೆ ಅದೇ ಮೈಕಿನವರು. “ಸಾರ್ ಬಂದ್ರು, ಸಾರ್ ಬಂದ್ರು” ಎಂದು ಓಡಿಬಂದರು. ನಾನು ಉಬ್ಬಿದ ಕೆನ್ನೆಯಲ್ಲಿ “ಉಂ” ಎಂದೆ. ಇವಳು ಮೈಕು ಕಿತ್ತುಕೊಂಡಳು.

“ಮೇಡಂ, ಪಿಚ್ಚರ್ ಹೇಗಿದೆ?”

“ದರಿದ್ರ.”

ನಾನು ನುಂಗಬಾರದ್ದನ್ನೆಲ್ಲ ನುಂಗಿದೆ. ಪರವಾಗಿಲ್ಲ ಎನ್ನುವುದನ್ನು ಬಿಟ್ಟು ಬೇರೆ ಮಾತೇ ಗೊತ್ತಿಲ್ಲದವಳು ಇವಳು.

“ಸ್ವಲ್ಪ ವಿವರವಾಗಿ ಹೇಳಿ ಮೇಡಂ.”

“ದರಿದ್ರ. ಹೀಗೇ ಒಂದೊಂದೇ ಪದ ಹೇಳ್ತೀನಿ. ಹೇಗೆ ಕತ್ತರಿಸ್ತೀರೋ ಕತ್ತರಿಸಿ.”

“ಒಳ್ಳೇದು ಅನ್ನೋದು ಏನೂ ಇಲ್ವಾ?”

ಇವಳು ನನ್ನ ಕಡೆ ಕೈ ತೋರಿಸಿ, “ಇದೆ. ಇವರು ಪಿಚ್ಚರ್ ಮುಗಿಯೋವರೆಗೂ ಒಂದು ಮಾತೂ ಆಡ್ಲಿಲ್ಲ” ಎಂದಳು.

ಮರುದಿನ ಬೆಳಿಗ್ಗೆ ಮೊಬೈಲ್ ತೆರೆದರೆ ಆ ಕೊನೆಯ ವಾಕ್ಯ ಒಂದೇ ಇತ್ತು. ಜೊತೆಗೆ ಕೆನ್ನೆ ಉಬ್ಬಿಸಿಕೊಂಡು ಕಣ್ಣೀರು ತುಂಬಿದ ನನ್ನ ಮುಖ. ಕೆಳಗೆ, ‘ಮಾತೇ ಬಾರದಂತೆ ಮಾಡಿದ ಸಿನಿಮಾ’.

ಇವಳು ಸಿಟ್ಟಿನಿಂದ ಮೊಬೈಲನ್ನು ಕವುಚಿ ಹಾಕಿದಳು. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಭಜನಾ ಮಂಡಳಿಯವರು ಒಳ್ಳೆಯ ಸೀರೆ ಉಟ್ಟು ನಿಂತಿದ್ದರು.

“ಅಣ್ಣಾ, ಮಧ್ಯಾಹ್ನದ ಶೋಗೆ ಹೋಗ್ತಿದ್ದೀವಿ” ಎಂದಳು ಮುಖ್ಯಸ್ಥೆ. “ಹೋದ ಸಲ ನಿನ್ನ ಮಾತು ಕತ್ತರಿಸಿದ್ರು ಅಂದೆ. ಈ ಸಲ ನೀನು ಮಾತೇ ಆಡಿಲ್ಲವಲ್ಲ, ಕತ್ತರಿಸೋಕೆ ಎಂತ ಇದೆ? ನಿನ್ನಂಥವನ ಬಾಯೇ ಕಟ್ಟಿದೆ ಅಂದ್ರೆ ಒಳ್ಳೇ ಪಿಚ್ಚರೇ ಇರ್ಬೇಕು.”

ನಾನು ಇವಳ ಮುಖ ನೋಡಿದೆ. ಇಷ್ಟು ವರ್ಷ ಮೆಲ್ಲಗೆ, ಮೆಲ್ಲಗೆ ಎಂದು ತೋಳು ಚಿವುಟಿದವಳು ಈಗ ಹಿಂದಿನಿಂದ ಬೆನ್ನು ತಳ್ಳಿದಳು. “ಹೇಳಿ ರೀ. ಜೋರಾಗಿ ಹೇಳಿ. ಇಡೀ ಗೋಪಾಳಕ್ಕೆ ಕೇಳಲಿ.”

ಒಳಗೆ ಅಷ್ಟು ದಿನದಿಂದ ಕೂಡಿಟ್ಟ ಸಿಟ್ಟೆಲ್ಲ ಗಂಟಲಿಗೆ ಬಂತು. ಕಾರ್ಖಾನೆ ಬಿಟ್ಟಮೇಲೆ ಅಷ್ಟು ಜೋರಾಗಿ ನಾನು ಕೂಗಿರಲಿಲ್ಲ. ಎದುರು ಮನೆಯ ಕಿಟಕಿ ತೆರೆಯಿತು, ಬೀದಿಯ ನಾಯಿ ಎದ್ದು ನಿಂತಿತು. ಮುಖ್ಯಸ್ಥೆಯ ಮುಖಕ್ಕೇ ಕೂಗಿದೆ:

“ದರಿದ್ರ ಪಿಚ್ಚರ್ ಅದು, ಹೋಗ್ಬೇಡ ಮಾರಾಯ.”

ಹಿಂದಿನಿಂದ ಇವಳು ಮೆಲ್ಲಗೆ, “ತಿ” ಎಂದಳು.