ಅಂಜಬ್ಯಾಡ್ರಿ ಅಂದವನ ನಾಯಿ

ಊರೂರು ತಿರುಗಿ ಭಾಷಣ ಬಿಗಿಯುವ ಪುಢಾರಿಯ ಮರ್ಯಾದೆ ತೆಗೆಯಲು ಸರಕಾರವೇ ಬೇಕಿಲ್ಲ, ಮನೆಯ ನಾಯಿ ಸಾಕು. ನನ್ನ ಮರ್ಯಾದೆಯನ್ನು ನಮ್ಮ ನಾಯಿ ಕಾಳ್ಯಾ ಮೂರು ಸಲ ತೆಗೆದ. ತಪ್ಪು ಅವನದಲ್ಲ.

೧. ಕೋಲು

ಯಾರು ದನಿ ಏರಿಸಿದರೂ ಕಾಳ್ಯಾ ಬೊಗಳುತ್ತಿದ್ದ. ದನಿ ಏರಿಸುವುದೇ ನನ್ನ ಉದ್ಯೋಗ. ಕಟ್ಟಿಹಾಕಿದರೆ ಹಗ್ಗ ಕಡಿದುಕೊಂಡು ಹಿಂದೆಯೇ ಬರುತ್ತಿದ್ದ. ಬೆಲ್ಲದ ಬಾಗೇವಾಡಿಯ ಸಭೆಯಲ್ಲಿ, "ಸರಕಾರದ ಕೋಲಿಗೆ ಅಂಜಬ್ಯಾಡ್ರಿ!" ಎಂದೆ. ಅವನೂ ಶುರು ಮಾಡಿದ. ಮುಂದೆ ಕೂತಿದ್ದ ರೈತನೊಬ್ಬ ಕೈ ಮುಗಿದ: "ಒಬ್ಬೊಬ್ಬರ ಮಾತಾಡ್ರಿ ಕಾಕಾ, ಇಬ್ಬರದೂ ತಿಳಿವಲ್ದು."

ಮನೆಗೆ ಬಂದವನೇ ಬಿದಿರಿನ ಕೋಲು ಹಿಡಿದೆ. ಅಂಗಳದಲ್ಲಿ ಅದೇ ಭಾಷಣ, ಬೊಗಳಿದಾಗೊಮ್ಮೆ ಏಟು. ಮೂರನೆಯ ದಿನ ಕಾಳ್ಯಾ ಗಪ್ಪಾದ. ನಾನು ಮೀಸೆ ತಿರುವಿದೆ. ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು: "ಅಂಜಬ್ಯಾಡ ಅಂತೀರಿ, ಹೊಡೀತೀರಿ. ಅದು ಯಾವ ಮಾತು ಕೇಳಬೇಕ್ರಿ?"

೨. ಝೇಂಡಾ

ಕಣಗಲಾ ಊರಿನ ಮೆರವಣಿಗೆಗೆ ಝೇಂಡಾ ಕಟ್ಟಲು ಬೇರೆ ಕೋಲು ಸಿಗಲಿಲ್ಲ. ಅದೇ ಬಿದಿರಿಗೆ ಬಾವುಟ ಕಟ್ಟಿ, ಎಲ್ಲರ ಮುಂದೆ ಎತ್ತಿದೆ. ಕಾಳ್ಯಾ ಅಂಗಾತ ಬಿದ್ದು, ನಾಲ್ಕೂ ಕಾಲು ಮೇಲೆ ಮಾಡಿ, ಅಲ್ಲೇ ಉಚ್ಚೆ ಹೊಯ್ದ. ಮುದುಕಿಯೊಬ್ಬಳು ಗಾಬರಿಯಾದಳು: "ಯಪ್ಪಾ, ಈ ಝೇಂಡಾಕ್ಕ ನಾವೂ ಹಿಂಗ ಅಂಜಬೇಕೇನು?"



೩. ರೊಟ್ಟಿ

ಹೆಂಡತಿ ಆ ಕೋಲನ್ನು ಮುರಿದು ಒಲೆಗಿಟ್ಟಳು. "ನೀವು ಬರೇ ಒದರ್ರಿ, ಉಳಿದದ್ದು ನಾ ಮಾಡತೇನಿ," ಎಂದಳು. ನಾನು ಒದರಿದಾಗ ಕಾಳ್ಯಾ ಸುಮ್ಮನಿದ್ದರೆ ಅವಳ ಕೈಯಿಂದ ಒಂದು ಚೂರು ಜೋಳದ ರೊಟ್ಟಿ. ಬೊಗಳಿದರೆ ಅವಳು ಮುಖ ತಿರುಗಿಸುವಳು, ಅಷ್ಟೇ. ಎಂಟು ದಿನದಲ್ಲಿ ಅವನು ಭಾಷಣಕ್ಕೆ ನೆಟ್ಟಗೆ ಕೂತು, ಎದುರಿನವರ ಕೈ ನೋಡುವುದನ್ನು ಕಲಿತ.

ಹತ್ತರಗಿಯ ಸಭೆಗೆ ಅವನನ್ನು ಧೈರ್ಯದಿಂದ ಕರೆದೊಯ್ದೆ. "ಅಂಜಬ್ಯಾಡ್ರಿ!" ಎಂದು ಗುಡುಗುವಾಗಲೇ ಫೌಜದಾರ ಜನರನ್ನು ಸೀಳಿಕೊಂಡು ಬಂದು ಲಾಠಿ ಎತ್ತಿದ. ಏಟಿನ್ನೂ ಬಿದ್ದಿರಲಿಲ್ಲ, ನಾನು ಬಿದ್ದಿದ್ದೆ. ಬೋರಲಾಗಿ, ತಲೆಯ ಮೇಲೆ ಎರಡೂ ಕೈ.

ಕಾಳ್ಯಾ ಮಾತ್ರ ನನ್ನ ಬಾಜೂ ನೆಟ್ಟಗೆ ಕೂತು, ರೊಟ್ಟಿ ಬಂದೀತೆಂದು ಫೌಜದಾರನ ಕೈಯನ್ನೇ ನೋಡುತ್ತಿದ್ದ. ರೆಪ್ಪೆ ಸಹ ಬಡಿಯಲಿಲ್ಲ.

ಫೌಜದಾರ ಅವನನ್ನು ನೋಡಿದ, ನನ್ನನ್ನು ನೋಡಿದ. ಲಾಠಿ ಇಳಿಸಿ ಕೇಳಿದ: "ನಿಮ್ಮಿಬ್ಬರಾಗ ಪುಢಾರಿ ಯಾಂವಲೇ?"

ನಾನು ಮಲಗಿದಲ್ಲಿಂದಲೇ ಕಾಳ್ಯಾನ ಕಡೆ ಬೆರಳು ತೋರಿಸಿದೆ.